ಸಿದ್ದಿ ಮಕ್ಕಳ ಚರಿತ್ರೆ ಪಾಠದೊಳಗೆ ಬರಲಿ

ಕೇಳುಗರಿಗೆಲ್ಲ ನಮಸ್ಕಾರ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಜೊಯಿಡಾ ಕಡೆಯ ಶಾಲೆಗಳ ಅಕ್ಕೋರು, ಮಾಸ್ತರರು ಈಗ ರೇಡಿಯೋ ಹಚ್ಚಿಕೊಂಡು ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಖಾನಾಪುರ, ಕಲಘಟಗಿ ಕಡೆಯವರಿಗೂ ಇದೇ ಮಾತು. ನಿಮ್ಮ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಆ ಕಥೆಯನ್ನು ಪಾಠದ ಹೊತ್ತಿನಲ್ಲೇ, ಎಲ್ಲ ಮಕ್ಕಳ ಎದುರಿಗೆ, ಹೆಸರು ಇಸವಿ ಸಮೇತ ಹೇಳಿ. ನಾನು ಇವತ್ತು ಕೇಳಿಕೊಳ್ಳುವುದು ಇದೊಂದನ್ನೇ.

"ನಾವು ಮಾಡ್ತೀವಲ್ಲ" ಅಂತ ಬಹಳ ಜನ ಹೇಳುತ್ತೀರಿ. ಏನು ಮಾಡುತ್ತೀರಿ? ಗ್ಯಾದರಿಂಗ್ ಬಂತು ಅಂದರೆ ಸಿದ್ದಿ ಮಕ್ಕಳ ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಿಳಿ ಬಣ್ಣ ಬಳಿದು, ಡಮಾಮಿ ಕುಣಿಸುತ್ತೀರಿ. ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಮರುದಿನ ಅದೇ ಮಗು ಹಿಂದಿನ ಬೆಂಚಿನಲ್ಲಿ ಕೂತಾಗ ಪಕ್ಕದವರು ಅದರ ಗುಂಗುರು ಕೂದಲು ಎಳೆದು ನಗುತ್ತಾರೆ. ಡಮಾಮಿ ದೊಡ್ಡ ಕಲೆ. ಅದು ಇರಬೇಕು, ಇನ್ನೂ ಜಾಸ್ತಿ ಇರಬೇಕು. ಆದರೆ ವರ್ಷಕ್ಕೆ ಒಂದು ಸಂಜೆ ಕುಣಿಸಿ, ಉಳಿದ ದಿನವೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ ಆ ಮಗುವಿಗೆ ಏನು ಸಿಕ್ಕಿತು ಹೇಳಿ.

ಯಲ್ಲಾಪುರ ತಾಲ್ಲೂಕಿನ ಒಂದು ಶಾಲೆಗೆ ನಾನು ಮಾದರಿ ಪಾಠ ಮಾಡಲು ಹೋಗಿದ್ದೆ. ವಿಜಯಪುರದ ಆದಿಲಶಾಹಿಗಳ ಪಾಠ. ಗೋಲಗುಮ್ಮಟ ಮಕ್ಕಳಿಗೆಲ್ಲ ಗೊತ್ತೇ ಇತ್ತು. ಅಲ್ಲಿ ಮಣ್ಣಾದ ಮುಹಮ್ಮದ್ ಆದಿಲ್ ಶಾನ ಕಾಲದ್ದು, 1645ರ ಆಸುಪಾಸಿನದು, ಒಂದು ವರ್ಣಚಿತ್ರ ಇದೆ. ಅದರ ಕಲರ್ ಪ್ರಿಂಟ್ ಒಯ್ದಿದ್ದೆ. ಆನೆಯ ಮೇಲೆ ಸುಲ್ತಾನ ಕೂತಿದ್ದಾನೆ. ಅವನ ಬೆನ್ನಿಗೇ ಇನ್ನೊಬ್ಬ, ಕಪ್ಪು ಮೈಬಣ್ಣದವನು. "ಹಿಂದೆ ಕೂತವರು ಯಾರು?" ಅಂತ ಕೇಳಿದೆ. "ಮಾವುತ" ಅಂದಿತು ಒಂದು ಮಗು. "ಆಳು" ಅಂದಿತು ಇನ್ನೊಂದು. ಮುಂದಿನ ಸಾಲಿನ ಹುಡುಗನೊಬ್ಬ ಹಿಂದೆ ಕೂತಿದ್ದ ಸಿದ್ದಿ ಹುಡುಗಿಯ ಕಡೆ ತಿರುಗಿ ನಕ್ಕ. ಅವಳು ತಲೆ ತಗ್ಗಿಸಿ ಪಾಟಿಚೀಲದಲ್ಲಿ ಏನೋ ಹುಡುಕತೊಡಗಿದಳು.

ಆಗ ಹೆಸರು ಹೇಳಿದೆ. ಇಖ್ಲಾಸ್ ಖಾನ್. ಆಫ್ರಿಕಾ ಮೂಲದವರು. ವಿಜಯಪುರ ರಾಜ್ಯದ ಮಂತ್ರಿ, ದಂಡನಾಯಕ. ಅಲ್ಲಿಗೇ ಬಿಡಲಿಲ್ಲ, ಮಲಿಕ್ ಅಂಬರನ ಕಥೆಯನ್ನೂ ತೆಗೆದೆ. ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗ. ಚಿಕ್ಕವನಿದ್ದಾಗಲೇ ಮಾರಿಬಿಟ್ಟರು. ಕೈಯಿಂದ ಕೈಗೆ ದಾಟಿ, ಬಾಗ್ದಾದ್ ಕಂಡು, ದಖನ್ನಿಗೆ ಬಂದ. ಕೊನೆಗೆ ಅಹಮದ್‌ನಗರದ ರಾಜ್ಯವನ್ನು ತಾನೇ ನಡೆಸಿದ. ಜಹಾಂಗೀರನ ದೊಡ್ಡ ಸೈನ್ಯವನ್ನು ಗುಡ್ಡಗಾಡಿನಲ್ಲಿ ವರ್ಷಗಟ್ಟಲೆ ಸತಾಯಿಸಿದ. 1610ರಲ್ಲಿ ಖಡ್ಕಿ ಅನ್ನುವ ಪಟ್ಟಣ ಕಟ್ಟಿದ. ಮುಂದೆ ಔರಂಗಾಬಾದ್ ಆದದ್ದು ಅದೇ ಊರು. ನೆಲದಡಿಯಲ್ಲಿ ಕಾಲುವೆ ತೋಡಿಸಿ ಆ ಊರಿಗೆ ಕುಡಿಯುವ ನೀರು ತಂದ. 1626ರಲ್ಲಿ ತೀರಿಕೊಳ್ಳುವವರೆಗೆ ಮೊಘಲರಿಗೆ ಅವನನ್ನು ಪೂರ್ತಿಯಾಗಿ ಬಗ್ಗಿಸಲು ಆಗಲಿಲ್ಲ.

ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು. ಅದೇ ಹುಡುಗಿ. "ಅಕ್ಕೋರೆ, ಅವರಿಗೆ ಕನ್ನಡ ಬರ್ತಿತ್ತಾ?"

ಯಾಕೆ ಹೀಗೆ ಕೇಳಿದಳು ಗೊತ್ತಾ? ಬಸ್ಸಿನಲ್ಲಿ, ಪೇಟೆಯಲ್ಲಿ, ಬೆಂಗಳೂರಿಗೆ ದುಡಿಯಲು ಹೋದಲ್ಲಿ, ಸಿದ್ದಿಗಳನ್ನು ನೋಡಿದವರು ಮೊದಲು ಕೇಳುವುದು "ನಿಮ್ಮದು ಯಾವ ದೇಶ?" ಅಂತ. ಅವರು ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರೆ ಬಾಯಿ ಬಿಟ್ಟು ನೋಡುತ್ತಾರೆ. ನೂರಾರು ವರ್ಷದಿಂದ ಈ ಕಾಡಿನಲ್ಲಿ ಬಾಳಿದವರಿಗೆ ಈ ಪ್ರಶ್ನೆ! ನಾನು ಹೇಳಿದೆ, "ಇಖ್ಲಾಸ್ ಖಾನರಿದ್ದ ವಿಜಯಪುರದ ದರ್ಬಾರಿನಲ್ಲಿ ಪಾರ್ಸಿ, ದಖನಿ ನಡೀತಿತ್ತು ಮಗಾ. ಆದರೆ ಸುತ್ತಮುತ್ತ ಎಲ್ಲ ಕನ್ನಡವೇ ಅಲ್ವಾ? ಕಿವಿಗೆ ಬೀಳದೆ ಇರ್ತದಾ?" ಅವಳು ಚಿತ್ರವನ್ನು ಹತ್ತಿರ ತರಿಸಿಕೊಂಡು ನೋಡಿದಳು. ನಕ್ಕಿದ್ದ ಹುಡುಗನೂ ಎದ್ದು ಬಂದು ಅವಳ ಪಕ್ಕ ನಿಂತು ನೋಡಿದ.

ಮರುದಿನ ಅವಳ ಅಜ್ಜಿ ಶಾಲೆಗೆ ಬಂದರು. ನಾವು ಕರೆದಿರಲಿಲ್ಲ, ಮೊಮ್ಮಗಳೇ ಕರೆತಂದಿದ್ದಳು. ಕಂಕುಳಲ್ಲಿ ಅರ್ಧ ಹೊಲಿದ ಕೌದಿ. ಜಗುಲಿಯಲ್ಲಿ ಹಾಸಿ ಕೂತರು. ಹಳೆ ಸೀರೆ, ಹರಿದ ಅಂಗಿ, ಲಂಗದ ತುಂಡುಗಳು. ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತು ಬಂದು, ಒಳಗೊಳಗೆ ಹೊಲಿಯುತ್ತಾ ನಡುವಿಗೆ ಮುಟ್ಟುವುದು ಸಿದ್ದಿ ಹೆಂಗಸರ ಪದ್ಧತಿ. ಮಕ್ಕಳು ಸ್ಕೇಲ್ ಇಟ್ಟು ಹೊಲಿಗೆಯ ಸಾಲು ಅಳೆದರು, ಸಾಲಿನಿಂದ ಸಾಲಿಗೆ ಒಂದೇ ಅಂತರ. ಕಡೆಗೆ ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ಸಣ್ಣ ತ್ರಿಕೋನ ಕೂರಿಸುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. "ಫುಲಾ ಹಚ್ಚದೆ ಕೌದಿ ಕೊಡಬಾರದು" ಅಂದರು ಅಜ್ಜಿ. ಆ ದಿನದ ಗಣಿತ ಪಾಠ ಜಗುಲಿಯಲ್ಲೇ ಆಯಿತು. ಆ ಹುಡುಗಿ ನಡುವೆ ಕೂತು ಅಜ್ಜಿಯ ಮಾತನ್ನು ಉಳಿದವರಿಗೆ ಬಿಡಿಸಿ ಹೇಳುತ್ತಿದ್ದಳು.

ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ, ಆದರೆ ಹೊತ್ತು ಕಡಿಮೆ ಉಳಿದಿದೆ. ಬೇಗ ಎರಡು ಮಾತು.

ಗುಲಾಮಗಿರಿಯ ವಿಷಯ ಮುಚ್ಚಿಡಬೇಡಿ. ಈ ಭಾಗದ ಸಿದ್ದಿಗಳಲ್ಲಿ ಬಹಳ ಜನರ ಹಿರಿಯರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ಗೋವಾಕ್ಕೆ ತಂದರು. ಅವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿ, ಕಾಡಿನಲ್ಲಿ ಊರು ಕಟ್ಟಿದರು. "ಗುಲಾಮರಾಗಿದ್ದರು" ಅಂತ ಒಂದು ಸಾಲು ಹೇಳಿ ನಿಲ್ಲಿಸಿದರೆ ಮಗು ಮತ್ತೆ ತಲೆ ತಗ್ಗಿಸುತ್ತದೆ. ತಪ್ಪಿಸಿಕೊಂಡು ಬಂದು ಬದುಕು ಕಟ್ಟಿದ್ದನ್ನೂ ಅದೇ ಉಸಿರಿನಲ್ಲಿ ಹೇಳಿ. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಮೂವರೂ ಇಲ್ಲಿದ್ದಾರೆ, ಅದನ್ನೂ ಹೇಳಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇದೆಲ್ಲ ನಿಮ್ಮ ಊರಿನ ಚರಿತ್ರೆಯೇ ಅಲ್ವಾ?

"ಸಿಲಬಸ್ ಮುಗಿಯೋದಿಲ್ಲ ಅಕ್ಕೋರೆ" ಅನ್ನುವ ಮಾತು ನನಗೆ ಸಾಕಾಗಿದೆ. ಹೊಸ ಪಾಠ ಸೇರಿಸಿ ಅಂತ ನಾನು ಹೇಳುತ್ತಿಲ್ಲ. ಆದಿಲಶಾಹಿ ಪಾಠ ಇದ್ದೇ ಇದೆ, ಅಲ್ಲಿ ಇಖ್ಲಾಸ್ ಖಾನರ ಹೆಸರು ಬರಲಿ. ಜಹಾಂಗೀರನ ಪಾಠದಲ್ಲಿ ಮಲಿಕ್ ಅಂಬರ್ ಬರಲಿ. ಪೋರ್ಚುಗೀಸರು ಬಂದಾಗ ಮೊಜಾಂಬಿಕ್‌ನಿಂದ ಗೋವಾಕ್ಕೆ, ಗೋವಾದಿಂದ ಘಟ್ಟಕ್ಕೆ ನಕಾಶೆಯ ಮೇಲೆ ಗೆರೆ ಎಳೆಸಿ. ಸಿದ್ದಿ ಮಕ್ಕಳು ಒಬ್ಬರೂ ಇಲ್ಲದ ಶಾಲೆಯಲ್ಲಂತೂ ತಪ್ಪದೆ ಮಾಡಿ. "ಯಾವ ದೇಶ?" ಅಂತ ಕೇಳುವವರು ಅಲ್ಲಿ ಓದಿದವರೇ. ನಮಸ್ಕಾರ.