ಕಾಣೆಯಾದ 342 ಟನ್: ಕೊನೆಯ ಸಲ ಕಂಡದ್ದು ಯಾವತ್ತು?

ಕೇಳುಗರಿಗೆ ನಮಸ್ಕಾರ. ಯುದ್ಧಭೂಮಿಯಿಂದ ಸ್ಫೋಟಕ ಕಾಣೆಯಾಯಿತು ಎಂಬ ಸುದ್ದಿ ಬಂದರೆ ಮೊದಲು ಒಂದೇ ಪ್ರಶ್ನೆ ಕೇಳಿ: ಅದನ್ನು ಕೊನೆಯ ಸಲ ಕಂಡದ್ದು ಯಾವತ್ತು? ಯಾರ ತಪ್ಪು ಅನ್ನೋದು ಆಮೇಲೆ.

ಇರಾಕಿನ ಅಲ್ ಕಕಾ ಕಾರ್ಖಾನೆ ಬಾಗ್ದಾದಿನ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. 2004ರ ಅಕ್ಟೋಬರಿನಲ್ಲಿ ಇರಾಕ್ ಸರ್ಕಾರ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ ಪತ್ರ ಬರೆಯಿತು. ಎಚ್‌ಎಂಎಕ್ಸ್ ಸುಮಾರು 195 ಟನ್, ಆರ್‌ಡಿಎಕ್ಸ್ 141 ಟನ್, ಪಿಇಟಿಎನ್ 5.8 ಟನ್, ಹೀಗೆ ಮೂರು ಪ್ರಬಲ ಸ್ಫೋಟಕಗಳು ಇಲ್ಲ ಎಂದು. ಒಟ್ಟು 342 ಟನ್. ಅಮೆರಿಕದ ಪತ್ರಿಕೆಗಳಲ್ಲಿ ಅದೇ ಸರಕು 380 ಟನ್ ಆಯಿತು. ಅಲ್ಲಿನ ಟನ್ನಿಗೆ 907 ಕಿಲೋ, ನಮ್ಮದಕ್ಕೆ 1000. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಎಂಟು ದಿನ ಇದೆ ಎನ್ನುವಾಗ ಸುದ್ದಿ ಹೊರಬಿತ್ತು. ಇರಾಕಿಗೆ ನುಗ್ಗಿದ ಅಮೆರಿಕದ ಸೇನೆ ಕಾವಲು ಹಾಕಲಿಲ್ಲ ಎಂದಿತು ಎದುರಾಳಿ ಅಭ್ಯರ್ಥಿ ಕೆರ್ರಿ ಪಾಳಯ. ಸೇನೆ ಬರುವ ಮೊದಲೇ ಸಾಗಿಸಿರಬಹುದು ಎಂದಿತು ಅಧ್ಯಕ್ಷ ಬುಷ್ ಪಾಳಯ.

ಹಾಗಾದರೆ ಕೊನೆಯ ಸಲ ಕಂಡದ್ದು ಯಾವತ್ತು? ಎಚ್‌ಎಂಎಕ್ಸ್ ದಾಸ್ತಾನನ್ನು ಪರಮಾಣು ಸಂಸ್ಥೆಯ ತಪಾಸಣೆಗಾರರು ಪರಿಶೀಲಿಸಿದ್ದು 2003ರ ಜನವರಿಯಲ್ಲಿ. ಮಾರ್ಚಿನಲ್ಲಿ ನೋಡಿದ್ದು ಬಾಗಿಲ ಮೇಲಿನ ಮುದ್ರೆಯನ್ನು ಮಾತ್ರ. ಮುದ್ರೆ ಎಂದರೆ ತೆಳುವಾದ ತಂತಿ, ಅದಕ್ಕೊಂದು ಲೋಹದ ಬಿಲ್ಲೆ. ಅದು ಕಳ್ಳನನ್ನು ತಡೆಯುವುದಿಲ್ಲ; ಬಾಗಿಲು ತೆರೆದರೆ ಗೊತ್ತುಮಾಡುತ್ತದೆ, ಅಷ್ಟೇ. ಗೋದಾಮಿಗೆ ಗಾಳಿಕಿಂಡಿಗಳೂ ಇದ್ದವು. ಅವುಗಳ ಪಟ್ಟಿ ಬಿಚ್ಚಿದರೆ ಮುದ್ರೆ ಮುಟ್ಟದೆಯೇ ಸರಕು ತೆಗೆಯಬಹುದಿತ್ತು.

ಈಗ ಮುಖ್ಯ ಸಾಕ್ಷ್ಯ. 2003ರ ಏಪ್ರಿಲ್ 18ರಂದು, ಅಂದರೆ ಬಾಗ್ದಾದ್ ಅಮೆರಿಕದ ಸೇನೆಯ ಕೈಗೆ ಬಿದ್ದ ಒಂಬತ್ತು ದಿನಕ್ಕೆ, ಮಿನೆಸೋಟಾದ ಕೆಎಸ್‌ಟಿಪಿ ಟಿವಿ ತಂಡ ಅದೇ ಸೇನೆಯ 101ನೇ ಡಿವಿಷನ್ನಿನ ಸೈನಿಕರ ಜೊತೆ ಆ ಪ್ರದೇಶಕ್ಕೆ ಹೋಗಿತ್ತು. ಸೈನಿಕರು ಗೋದಾಮುಗಳನ್ನು ತೆರೆದರು. ಕ್ಯಾಮೆರಾದಲ್ಲಿ ಬಾಗಿಲ ಮೇಲಿನ ತಂತಿ, ತೂಗುವ ಬಿಲ್ಲೆ, ಒಳಗೆ ಸಾಲು ಸಾಲು ಪೀಪಾಯಿ, ಮೇಲೆ ಸ್ಫೋಟಕದ ವರ್ಗ ತಿಳಿಸುವ '1.1ಡಿ' ಚೀಟಿ, ಎಲ್ಲ ದಾಖಲಾದವು. ಆ ಚೀಟಿಯೊಂದರಿಂದಲೇ ಎಚ್‌ಎಂಎಕ್ಸ್ ಎನ್ನಲಾಗದು, ಬೇರೆ ಸ್ಫೋಟಕಗಳಿಗೂ ಅದೇ ಚೀಟಿ. ಆದರೆ ಆ ಮುದ್ರೆ ಪರಮಾಣು ಸಂಸ್ಥೆಯದ್ದೇ ಎಂದು ಮಾಜಿ ತಪಾಸಣೆಗಾರ ಡೇವಿಡ್ ಕೇ ಗುರುತಿಸಿದರು. ಅಲ್ಲಿಗೆ ಕೊನೆಯ ಸಲ ಕಂಡ ದಿನ ಮಾರ್ಚಿನಿಂದ ಏಪ್ರಿಲ್ 18ಕ್ಕೆ ಬಂತು! ಅದು ಸೇನೆ ಬಂದ ಮೇಲಿನ ದಿನ; ಇಡೀ ಜಗಳದ ಗಂಟು ಇದೇ. ಹೀಗಿದ್ದೂ ಚರ್ಚೆಗಳಲ್ಲಿ ದಿನಾಂಕ ಕೇಳುವವರು ಕಡಿಮೆ, ಕೂಗುವವರು ಜಾಸ್ತಿ.

ಸಮಯವಾಗುತ್ತ ಬಂತು, ಉಳಿದದ್ದು ಚುಟುಕಾಗಿ. ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ತೋರಿಸಿದ ಮಾರ್ಚ್ 17ರ ಉಪಗ್ರಹ ಚಿತ್ರದಲ್ಲಿ ಲಾರಿಗಳಿದ್ದವು, ಆದರೆ ಎಚ್‌ಎಂಎಕ್ಸ್ ಗೋದಾಮಿನ ಮುಂದೆ ಅಲ್ಲ. ಅಲ್ಲಿಂದ ಸುಮಾರು 250 ಟನ್ ಮದ್ದುಗುಂಡು ಸಾಗಿಸಿದೆವು ಎಂದ ಸೇನಾಧಿಕಾರಿ, ಮುದ್ರೆಯಿದ್ದ ಸರಕು ಅದರಲ್ಲಿತ್ತೆಂದು ಖಚಿತವಾಗಿ ಹೇಳಲಿಲ್ಲ. ಆರ್‌ಡಿಎಕ್ಸ್‌ನ ಹೆಚ್ಚಿನ ಪಾಲು ಅಲ್ ಕಕಾದಲ್ಲೇ ಇರಲಿಲ್ಲ, ಅಲ್ ಮಹಾವೀಲ್ ಎಂಬ ಇನ್ನೊಂದು ಜಾಗದಲ್ಲಿತ್ತು. ಅದಕ್ಕೂ ಇದೇ ಪ್ರಶ್ನೆ ಕೇಳಬೇಕು. ನಮಸ್ಕಾರ.