ಕರಿಗೋಟು ಎಲ್ಲಿ ಹೋಯ್ತು?

ಕೇಳುಗರಿಗೆಲ್ಲ ನಮಸ್ಕಾರ. ಬದಿಯಡ್ಕ ಪೇಟೆಯ ಅಡಿಕೆ ಅಂಗಡಿಯೊಂದಕ್ಕೆ ನಾನು ಬರೆದುಕೊಟ್ಟ ಲೆಕ್ಕದ ಸಾಫ್ಟ್‌ವೇರ್ ಒಂದಿದೆ. ಅದರಿಂದ ಹಳೇ ಕೋಡ್ ಕಿತ್ತು ಹಾಕಲು ಹೋಗಿ ನಾನು ಪಟ್ಟ ಪಾಡನ್ನು ಇವತ್ತು ಹೇಳುತ್ತೇನೆ.

ಆ ಅಂಗಡಿಯ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆಗಿ ಮೊದಲು ಇದ್ದದ್ದು ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದದ್ದು, 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಅದರ ಕೈ ಬಿಟ್ಟಿತು. ಅಂಗಡಿಯವರು ಬಿಡಲಿಲ್ಲ. ಓಡ್ತಾ ಇದೆಯಲ್ಲ, ಮತ್ತೆಂತಕ್ಕೆ ಹೊಸತು ಅಂತ. ಹಾಗಾಗಿ ನನ್ನ ಕೋಡಿನಲ್ಲಿ ಹೆಜ್ಜೆಗೊಂದು ಕಡೆ ಎಕ್ಸ್‌ಪಿ ಆದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು ಅಂತ ಇತ್ತು. ಲೆಕ್ಕದ ಸಾಫ್ಟ್‌ವೇರ್ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಎಕ್ಸ್‌ಪಿಯಲ್ಲಿ ಓಡುವ ಕೊನೆಯ ಪೈಥಾನ್ ಆವೃತ್ತಿ 3.4. ಅದಕ್ಕೂ 2019ರ ಮಾರ್ಚ್‌ನಲ್ಲಿ ರಿಪೇರಿ ನಿಂತಿತು. ಅಂದರೆ ಒಂದು ಅಂಗಡಿಯ ಒಂದು ಹಳೇ ಕಂಪ್ಯೂಟರಿಗೋಸ್ಕರ ಇದೇ ಸಾಫ್ಟ್‌ವೇರ್ ಬಳಸುವ ಉಳಿದ ನಾಲ್ಕು ಅಂಗಡಿಯವರನ್ನೂ ನಾನು ಹಳತರಲ್ಲೇ ಕೂರಿಸಿದ್ದೆ. ಇದು ಸರಿಯಲ್ಲ, ಅಲ್ವಾ?

ದೊಡ್ಡವರೂ ಹಳತನ್ನು ಇಟ್ಟುಕೊಂಡು ಕೂರುವುದಿಲ್ಲ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ವಿಂಡೋಸ್ ತರಹವೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಶುರು ಮಾಡಿದ್ದು 386 ಚಿಪ್ಪಿನ ಕಂಪ್ಯೂಟರಿನಲ್ಲಿ. ಅದೇ 386ಕ್ಕೆ ಬೇಕಾದ ಕೋಡನ್ನು 2012ರ ಡಿಸೆಂಬರ್‌ನಲ್ಲಿ ಲಿನಕ್ಸ್‌ನಿಂದ ತೆಗೆದುಬಿಟ್ಟರು. 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೊಡ್ಡ ತೂತು, ಇಂಟರ್‌ನೆಟ್ಟಿನಲ್ಲಿ ಮಾಹಿತಿಯನ್ನು ಗುಟ್ಟಾಗಿ ಕಳಿಸಲು ಬಳಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸಿಕ್ಕಿದಾಗ, ಲಿನಕ್ಸ್ ತರಹದ್ದೇ ಇನ್ನೊಂದಾದ ಓಪನ್‌ಬಿಎಸ್‌ಡಿಯವರು ಓಪನ್‌ಎಸ್‌ಎಸ್‌ಎಲ್‌ನ ಒಂದು ಪ್ರತಿ ತೆಗೆದುಕೊಂಡು, 16 ಬಿಟ್ ವಿಂಡೋಸ್, ಹಳೇ ಮ್ಯಾಕ್ ಇಂಥದ್ದಕ್ಕೆಲ್ಲ ಇದ್ದ ಕೋಡನ್ನು ಗುಡಿಸಿ ಹಾಕಿದರು. ಯಾರೂ ಓದದ ಕೋಡಿನಲ್ಲೇ ತಪ್ಪು ಅಡಗಿ ಕೂರುವುದು, ಅದಕ್ಕೆ.

ಕೊನೆಗೆ ಬದಿಯಡ್ಕದ ಎಕ್ಸ್‌ಪಿ ಒಂದು ಮಳೆಗಾಲದ ಸಿಡಿಲಿಗೆ ಸುಟ್ಟು ಹೋಯಿತು. ಹೊಸ ಕಂಪ್ಯೂಟರ್ ಬಂತು. ನನಗೆ ಖುಷಿಯೋ ಖುಷಿ. ರಾತ್ರಿ ಕೂತು ಎಕ್ಸ್‌ಪಿ ಅಂತ ಹೆಸರಿದ್ದ ಫೈಲುಗಳನ್ನೆಲ್ಲ ಅಳಿಸಿದೆ. ಟೆಸ್ಟ್ ಓಡಿಸಿದೆ, ಎಲ್ಲಾ ಪಾಸ್. ಮಲಗಿದೆ.

ಬೆಳಿಗ್ಗೆ ಅಂಗಡಿಯಿಂದ ಫೋನು. "ಎಂತ ಮಾರಾಯ, ಕರಿಗೋಟು ಎಲ್ಲಿ ಹೋಯ್ತು?"

ಕರಿಗೋಟು ಅಂದರೆ ಅಡಿಕೆಯ ಒಂದು ದರ್ಜೆ; ಪಟೋರ, ಉಳ್ಳಿಗಡ್ಡೆಯೂ ಹಾಗೆಯೇ. ಹೋಗಿ ನೋಡಿದೆ. ಈ ವರ್ಷದ ಲೆಕ್ಕ ಸರಿಯಾಗಿದೆ. ಹಿಂದಿನ ವರ್ಷಗಳದ್ದು ತೆರೆದರೆ ಪಟೋರ ಇಲ್ಲ, ಉಳ್ಳಿಗಡ್ಡೆ ಇಲ್ಲ, ಕರಿಗೋಟು ಇಲ್ಲ. ಅದರ ಬದಲು ತಲೆ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟಿಷರ ಪೌಂಡ್ ಗುರುತು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವರಿಗೆ ಇದು ಗೊತ್ತು. ಆ ಫಾಂಟಿನಲ್ಲಿ ಪೌಂಡ್ ಗುರುತು ನಮ್ಮ ನಕಾರದ ಒಂದು ತುಂಡು. ಯೂನಿಕೋಡ್ ಅಂದರೆ ಎಲ್ಲಾ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಗಳ ಸಂಕೇತ. ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್ ಬೇಕಿದ್ದರೆ ಸಿಡಿ ಹಾಕಿ ಬೇರೆ ಫೈಲು ಸೇರಿಸಬೇಕಿತ್ತು. ಆ ಸಿಡಿ ಅಂಗಡಿಯವರ ಹತ್ತಿರ ಇರಲಿಲ್ಲ, ಹಾಗಾಗಿ ಅವರು ನುಡಿಯಲ್ಲೇ ಬರೆದರು. ಅದನ್ನು ಉಳಿದ ಕಂಪ್ಯೂಟರುಗಳಲ್ಲಿ ಯೂನಿಕೋಡಿಗೆ ತಿರುಗಿಸಿ ತೋರಿಸುವ ಕೋಡನ್ನು ನಾನೇ ಬರೆದು, ಎಕ್ಸ್‌ಪಿ ಅಂತ ಹೆಸರಿದ್ದ ಫೈಲಿನಲ್ಲಿಟ್ಟು ಮರೆತಿದ್ದೆ. ಟೆಸ್ಟಿನಲ್ಲಿದ್ದದ್ದೆಲ್ಲ ಹೊಸ ಲೆಕ್ಕ, ಸಿಕ್ಕಿಬೀಳುವುದು ಹೇಗೆ? ಎಕ್ಸ್‌ಪಿ ಸತ್ತಿತ್ತು, ಅದು ಬರೆದಿಟ್ಟ ಲೆಕ್ಕ ಸತ್ತಿರಲಿಲ್ಲ.

ಅಳಿಸಿದ್ದು ಗಿಟ್‌ನಲ್ಲಿ, ಅಂದರೆ ಕೋಡಿನ ಹಳೇ ಪ್ರತಿಗಳನ್ನೆಲ್ಲ ಉಳಿಸಿಡುವ ಸಾಫ್ಟ್‌ವೇರಿನಲ್ಲಿ ಇತ್ತು, ವಾಪಸ್ ತರಲು ಐದು ನಿಮಿಷ ಸಾಕಾಯಿತು. ಆದರೆ ದಿನಾ ತಿರುಗಿಸಿ ತೋರಿಸುತ್ತಾ ಕೂರುವ ಬದಲು ಹಳೇ ಲೆಕ್ಕವನ್ನೆಲ್ಲ ಒಂದೇ ಸಲ ಯೂನಿಕೋಡಿಗೆ ಬದಲಾಯಿಸಿ ಬಿಡೋಣ, ಆಮೇಲೆ ಆ ಕೋಡೂ ಬೇಡ ಅಂದುಕೊಂಡೆ. ಅಲ್ಲಿ ಅರ್ಕಾವತ್ತು ಕೈ ಕೊಟ್ಟಿತು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ನನ್ನ ಮೊದಲ ಪ್ರಯತ್ನದಲ್ಲಿ ವರ್ಷ ಹೋಗಿ ವಷರ್ ಆಯಿತು. ಸೊಸೈಟಿ ಕಾರ್ಯದರ್ಶಿ ಕಾಯರ್ದಶಿರ್ ಆದರು. ಅಂಗಡಿಯವರು ಅದನ್ನು ಜೋರಾಗಿ ಓದಿ, "ಇವರು ಯಾವ ಊರಿನವರು?" ಅಂತ ಕೇಳಿದರು. ನಾನು ಸುಮ್ನೆ ತಲೆ ತಗ್ಗಿಸಿದೆ.

ಎರಡು ಶನಿವಾರ ಅವರ ಪಕ್ಕದಲ್ಲೇ ಕೂತು ಒಂದೊಂದೇ ಪುಟ ನೋಡಿ ಸರಿ ಮಾಡಿದೆ. ಈಗ ಹೊಸ ಪೈಥಾನ್ ಓಡುತ್ತಿದೆ, ಎಕ್ಸ್‌ಪಿಯ ಉಳಿದ ಫೈಲುಗಳೆಲ್ಲ ಹೋಗಿವೆ. ನುಡಿಯದ್ದು ಒಂದು ಮಾತ್ರ ಇದೆ, ಹೆಸರು ಬದಲಾಯಿಸಿದ್ದೇನೆ. ಯಾಕೆಂದರೆ 2011ರ ಎರಡು ತಿಂಗಳ ಲೆಕ್ಕ ಯಾವುದೋ ಪೆನ್‌ಡ್ರೈವಿನಲ್ಲಿ ಇದೆಯಂತೆ, ಅಂಗಡಿಯವರು ಇನ್ನೂ ಹುಡುಕುತ್ತಾ ಇದ್ದಾರೆ. ಸಿಕ್ಕಿದರೆ ಅದನ್ನೂ ತಿರುಗಿಸಿ, ಆ ಫೈಲನ್ನೂ ತೆಗೆಯುತ್ತೇನೆ. ನಮಸ್ಕಾರ.