ಅಜ್ಜಿಯ ಮುಡೆ, ನನ್ನ ಲ್ಯಾಬು

ಕೇಳುಗರೇ, ನಮಸ್ಕಾರ.

ನಮ್ಮ ಮನೆ ಕುಮಟಾ ಕಡೆ, ಅಘನಾಶಿನಿಯ ಗಜನಿಗೆ ತಾಗಿಕೊಂಡೇ ಇದೆ. ಹೊಳೆಯ ಉಪ್ಪುನೀರು ಬಂದು ಹೋಗುವ ಗದ್ದೆ ಅದು. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಜೂನಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಎರಚುತ್ತಾರೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕಗ್ಗ ಎದ್ದು ನಿಲ್ಲುತ್ತದೆ. ಕೊಯ್ಲಿಗೂ ನೀರು ನಿಂತೇ ಇರುವುದರಿಂದ ತೆನೆ ಮಾತ್ರ ಕೊಯ್ಯುತ್ತಾರೆ.

ಮುಂದಿನ ವರ್ಷದ ಬೀಜ ಆರಿಸುವುದು ನಮ್ಮಜ್ಜಿಯ ಕೆಲಸವಾಗಿತ್ತು. ಒಣಗಿದ ಕಾಳನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದರು. ಕಟ್ ಅಂದರೆ ಸರಿ, ಇಲ್ಲದಿದ್ದರೆ ಇನ್ನೊಂದು ಬಿಸಿಲು. ಆಮೇಲೆ ಬೀಜವನ್ನು ಹುಲ್ಲಿನಲ್ಲಿ ಬಿಗಿಯಾಗಿ ಸುತ್ತಿ ಮುಡೆ ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು.

ನಾನು ಧಾರವಾಡಕ್ಕೆ ಹೋದೆ. 4 ವರ್ಷ ಬಿಎಸ್ಸಿ ಕೃಷಿ, 2 ವರ್ಷ ಬೀಜ ವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ ಎಂಎಸ್ಸಿ, ಆಮೇಲೆ ಪಿಎಚ್‌ಡಿ. ಅಜ್ಜಿ ಯಾಕೆ ಕಾಳು ಕಚ್ಚುತ್ತಿದ್ದರು ಅಂತ ಅಲ್ಲಿ ಗೊತ್ತಾಯಿತು. ಬೀಜದ ತೇವ ಒಂದು ಪರ್ಸೆಂಟ್ ಇಳಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಭತ್ತದ ಬೀಜದಲ್ಲಿ ತೇವ ನೂರಕ್ಕೆ 13 ದಾಟಬಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಸುಮ್ನೆ ಚೀಲದಲ್ಲಿಟ್ಟ ಬೀಜ ಆ ತೇವವನ್ನು ಕುಡಿಯುತ್ತಲೇ ಇರುತ್ತದೆ. ಒಲೆಯ ಬಿಸಿ, ಹೊಗೆ ಅದಕ್ಕೇ ಬೇಕು. ಒಂದು ರಜೆಯಲ್ಲಿ ಅಜ್ಜಿಯ ಮುಡೆಯಿಂದ ಒಂದು ಹಿಡಿ ಕಗ್ಗ ಒಯ್ದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮೊಳೆತವು. ಆ ದಿನದ ಖುಷಿ ಈಗಲೂ ನನ್ನ ಜೊತೆಗಿದೆ.

ಬೀಜ ಪರೀಕ್ಷೆಯ ಕೆಲಸ ಹೇಗಿರುತ್ತದೆ ಗೊತ್ತಾ? 400 ಕಾಳು ಎಣಿಸಬೇಕು. ಒದ್ದೆ ಕಾಗದದ ಮೇಲೆ ಸಾಲಾಗಿ ಜೋಡಿಸಿ ಸುತ್ತಿಡಬೇಕು. 14ನೇ ದಿನ ಸುರುಳಿ ಬಿಚ್ಚಿ ಒಂದೊಂದೇ ಸಸಿ ನೋಡಬೇಕು. ಬೇರಿಲ್ಲದ್ದು, ತಿರುಚಿದ್ದು, ಕೊಳೆತದ್ದು ಲೆಕ್ಕಕ್ಕಿಲ್ಲ. ಪ್ರಮಾಣಿತ, ಅಂದರೆ ಪ್ರಮಾಣೀಕರಣ ಸಂಸ್ಥೆ ಒಪ್ಪಿದ ಭತ್ತದ ಬೀಜವಾಗಬೇಕಾದರೆ ನೂರಕ್ಕೆ ಕನಿಷ್ಠ 80 ಒಳ್ಳೆಯ ಸಸಿ ಬೇಕು.

ಅವಸರ ಇದ್ದಾಗ ಇನ್ನೊಂದು ಪರೀಕ್ಷೆಯಿದೆ, ಅದು ನನಗೆ ಇಷ್ಟ. ರಾತ್ರಿ ನೆನೆಸಿದ ಕಾಳನ್ನು ಉದ್ದಕ್ಕೆ ಸೀಳಿ ಟೆಟ್ರಜೋಲಿಯಂ ದ್ರಾವಣದಲ್ಲಿ ಇಡುತ್ತೇವೆ. ಕೆಲವು ಗಂಟೆ ಕಳೆದರೆ ಜೀವ ಇರುವ ಭ್ರೂಣ ಕೆಂಪಗಾಗುತ್ತದೆ. ಸತ್ತದ್ದು ಬಿಳಿಚಿಕೊಂಡೇ ಇರುತ್ತದೆ. ಸಾಸಿವೆಯಷ್ಟೂ ಇಲ್ಲದ ಆ ಕೆಂಪು ಚುಕ್ಕೆಯ ಮುಂದೆ ನನಗೆ ಇವತ್ತಿಗೂ ಕೈಮುಗಿಯಬೇಕು ಅನ್ನಿಸುತ್ತದೆ.

ಮಕ್ಕಳು ಕೇಳುತ್ತಾರೆ, ಈ ಓದಿಗೆ ಕೆಲಸ ಸಿಗುತ್ತದಾ ಅಂತ. ಸಿಗುತ್ತದೆ. ಪ್ರಮಾಣೀಕರಣ ಸಂಸ್ಥೆ, ಪರೀಕ್ಷಾ ಪ್ರಯೋಗಾಲಯ, ವಿಶ್ವವಿದ್ಯಾಲಯ, ಬೀಜ ಕಂಪನಿ ಎಲ್ಲ ಕಡೆ ಇದೆ. ಆದರೆ ಬಿಸಿಲಿಗೆ, ಕೆಸರಿಗೆ ತಯಾರಿರಬೇಕು. ಬೀಜದ ಗದ್ದೆಯಲ್ಲಿ ಸಾಲು ಸಾಲು ನಡೆದು ಬೆರಕೆ ಗಿಡ ಕಿತ್ತು ಹಾಕುವುದೂ ಇದೇ ವಿಜ್ಞಾನ.

ಒಂದು ವರ್ಷ ನಮ್ಮಪ್ಪ ಪೇಟೆಯಿಂದ ತಂದ ಬೀಜದಲ್ಲಿ ಅರ್ಧ ಮೊಳೆಯಲಿಲ್ಲ. ಅಂಗಡಿಯವರು ದುಡ್ಡು ವಾಪಸು ಕೊಟ್ಟರು. ಹೋದ ಹದ ಯಾರು ಕೊಡಬೇಕು? ನಾಟಿ ತಪ್ಪಿದ ಮೇಲೆ ಆ ಮಳೆಗಾಲ ಹೋಯಿತು, ಅಷ್ಟೇ. ಲ್ಯಾಬಿನಲ್ಲಿ ಯಾರಾದರೂ 'ಸ್ವಲ್ಪ ಹೊಂದಿಸಿ ಸಾರ್' ಅಂದಾಗಲೆಲ್ಲ ನನಗೆ ಆ ಖಾಲಿ ಸಸಿಮಡಿಯೇ ಕಣ್ಣಿಗೆ ಬಂದಿದೆ. ಒಂದು ಅಂಕಿಯನ್ನೂ ತಿದ್ದಲಿಲ್ಲ.

ಬೀಜ ಕೊಳ್ಳುವಾಗ ಚೀಟಿ ನೋಡಿ. ನೀಲಿ ಚೀಟಿ ಅಂದರೆ ಪ್ರಮಾಣಿತ ಬೀಜ. ಪರೀಕ್ಷೆ ಮಾಡಿದ ತಾರೀಕು, ಅವಧಿ ಎರಡನ್ನೂ ಓದಿ. ಮನೆಯದೇ ಬೀಜವಾದರೆ ಬಿತ್ತನೆಗೆ ಹದಿನೈದು ದಿನ ಮೊದಲೇ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗಲು ಬಿಡಬೇಡಿ. ಒಂದು ವಾರ ಕಳೆದು ಬಿಚ್ಚಿ. ಬೇರು, ಮೊಳಕೆ ಎರಡೂ ಇರುವುದನ್ನು ಮಾತ್ರ ಎಣಿಸಿ.